ಫೋಟೋ ಕಳಿಸಿ, ಮನೆಯ ದಾರಿ ಕಳಿಸಬೇಡಿ

ಡಿಸೆಂಬರ್ ಬಂತೆಂದರೆ ಪುತ್ತೂರು, ಸುಳ್ಯ, ಕಡಬದ ಅಂಗಳಗಳಲ್ಲಿ ಅಡಿಕೆ ಹರಡಿಕೊಳ್ಳುತ್ತದೆ. ಹರಡಿದ ಮೇಲೆ ಒಂದು ಫೋಟೋ, ತೆಗೆದ ಫೋಟೋ ಯಾವುದಾದರೂ ಗ್ರೂಪಿಗೆ. ನೋಡುವವರಿಗೆ ಅಡಿಕೆ ಕಾಣುತ್ತದೆ, ಅಂಗಳ ಕಾಣುತ್ತದೆ, ಮೂಲೆಯಲ್ಲಿ ಮಲಗಿದ ನಾಯಿಯೂ ಕಾಣುತ್ತದೆ. ಕಾಣದೆ ಫೈಲಿನೊಳಗೆ ಕೂತಿರುವುದು ಬೇರೆಯೇ ಇದೆ: ಆ ಅಂಗಳದ ಅಕ್ಷಾಂಶ ರೇಖಾಂಶ, ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡು, ಫೋನಿನ ಕಂಪನಿ, ಮಾದರಿ. ಕಳಿಸಿದ ದಾರಿ ಯಾವುದು ಎಂಬುದರ ಮೇಲೆ ಇದೆಲ್ಲ ಎದುರಿನವರಿಗೆ ಸಿಗಲೂಬಹುದು, ಸಿಗದಿರಲೂಬಹುದು. ಯಾವಾಗ ಸಿಗುತ್ತದೆ, ಬೇಡವೆಂದರೆ ತೆಗೆಯುವುದು ಹೇಗೆ ಎನ್ನುವುದು ಈ ಲೇಖನದ ವಿಷಯ. ಯಾವಾಗ ತೆಗೆಯಲೇಬಾರದು ಎನ್ನುವುದೂ ಇದರಲ್ಲಿ ಸೇರಿದೆ. ನಮ್ಮ ಮೂರು ತಾಲೂಕುಗಳ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ಫೈಲಿನ ಒಳಗಿರುವ ಈ ವಿವರಗಳಿಗೆ ಮೆಟಾಡೇಟಾ ಎನ್ನುತ್ತಾರೆ. ಫೋಟೋಗಳಲ್ಲಿ ಅದನ್ನು ಬರೆದಿಡುವ ಕ್ರಮದ ಹೆಸರು ಎಕ್ಸಿಫ್. ಜಪಾನಿನ ಎಲೆಕ್ಟ್ರಾನಿಕ್ ಉದ್ಯಮದ ಸಂಘವೊಂದು 1995ರಲ್ಲಿ ಇದನ್ನು ರೂಪಿಸಿತು. ಆಗ ಬೇಕಿದ್ದದ್ದು ಶಟರ್ ವೇಗ, ಅಪರ್ಚರ್, ಫ್ಲ್ಯಾಶ್ ಹೊಡೆಯಿತೋ ಇಲ್ಲವೋ ಎಂಬಂಥ ಲೆಕ್ಕ. ಛಾಯಾಗ್ರಾಹಕರಿಗೆ ಅದು ಈಗಲೂ ಉಪಕಾರಿ. ಜಿಪಿಎಸ್ ಇರುವ ಫೋನೇ ಎಲ್ಲರ ಕ್ಯಾಮೆರಾ ಆದ ಮೇಲೆ ಅದೇ ಪಟ್ಟಿಯಲ್ಲಿ ಊರೂ ಬಂದು ಕೂತಿತು.

ಎಷ್ಟು ನಿಖರ? ಪುತ್ತೂರು ಪೇಟೆ ಇರುವುದು ಸುಮಾರು 12.76 ಡಿಗ್ರಿ ಉತ್ತರ, 75.20 ಡಿಗ್ರಿ ಪೂರ್ವದಲ್ಲಿ. ದಶಮಾಂಶದ ಎರಡನೇ ಸ್ಥಾನಕ್ಕೆ ನಿಲ್ಲಿಸಿದರೆ ಸುಮಾರು ಒಂದು ಕಿಲೋಮೀಟರಿನ ಅಂದಾಜು ಸಿಗುತ್ತದೆ. ಫೋನು ಅಲ್ಲಿಗೆ ನಿಲ್ಲಿಸುವುದಿಲ್ಲ. ಐದನೇ ಸ್ಥಾನಕ್ಕೆ ಹೋದರೆ ಲೆಕ್ಕ ಒಂದು ಮೀಟರಿಗೆ ಇಳಿಯುತ್ತದೆ. ಬಯಲಿನಲ್ಲಿ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತಪ್ಪಬಹುದು, ಮರಗಳ ಕೆಳಗೆ ಇನ್ನೂ ಹೆಚ್ಚು. ಆದರೂ ಹುಡುಕಿಕೊಂಡು ಬರುವವನಿಗೆ ಅಷ್ಟು ಸಾಕು. ನಮ್ಮ ಕಡೆಯ ಮನೆಗಳ ರೀತಿಯೂ ಇದಕ್ಕೆ ಅನುಕೂಲವಾಗಿಯೇ ಇದೆ. ಬೆಂಗಳೂರಿನಲ್ಲಿ ಆ ಅಂಕೆಗಳು ನೂರು ಮನೆಗಳ ಅಪಾರ್ಟ್‌ಮೆಂಟನ್ನು ತೋರಿಸಿಯಾವು. ಇಲ್ಲಿ ಒಂದು ತೋಟಕ್ಕೆ ಒಂದು ಮನೆ. ಅಂಚೆಯಣ್ಣನ ಹೊರತು ಹೊರಗಿನವರು ನಾಲ್ಕು ಜನರನ್ನು ಕೇಳದೆ ತಲುಪಲಾಗದ ಮನೆಯನ್ನು ಫೋಟೋ ಒಂದೇ ಏಟಿಗೆ ತೋರಿಸಿಬಿಡುತ್ತದೆ.

ಇದರ ಹೆಸರಾಂತ ಉದಾಹರಣೆ ಜಾನ್ ಮ್ಯಾಕಫಿಯದು. ಕಂಪ್ಯೂಟರ್ ವೈರಸ್ ತಡೆಯುವ ತಂತ್ರಾಂಶ ಮಾರಿ ಹಣ ಮಾಡಿದ್ದ ಈತ 2012ರಲ್ಲಿ ಬೆಲೀಜ್ ದೇಶದ ಪೊಲೀಸರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದ. ಜೊತೆಗಿದ್ದ ‘ವೈಸ್’ ಪತ್ರಿಕೆಯವರು ಡಿಸೆಂಬರಿನಲ್ಲಿ ಅವನ ಫೋಟೋ ಪ್ರಕಟಿಸಿದರು. ಐಫೋನಿನಲ್ಲಿ ತೆಗೆದ ಆ ಫೋಟೋದಿಂದ ಸ್ಥಳವನ್ನು ಅಳಿಸಿರಲಿಲ್ಲ. ಓದುಗರು ಫೈಲ್ ಬಿಚ್ಚಿ ನೋಡಿ, ಆತ ಗ್ವಾಟೆಮಾಲಾದಲ್ಲಿದ್ದಾನೆ ಎಂದು ಸಾರಿದರು. ಕೆಲವೇ ದಿನಗಳಲ್ಲಿ ಅಲ್ಲಿನ ಪೊಲೀಸರು ಹಿಡಿದರು. ಕಂಪ್ಯೂಟರ್ ಕಾಯುವ ತಂತ್ರಾಂಶ ಮಾರಿ ಬದುಕಿದವನ ಪಾಡೇ ಹೀಗಾಯಿತು.

ಕಳಿಸುವ ದಾರಿಗಳು

ವಾಟ್ಸ್ಆ್ಯಪ್‌ನಲ್ಲಿ ಫೋಟೋವನ್ನು ಫೋಟೋ ಆಗಿಯೇ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಬರೆಯುತ್ತದೆ, ಸ್ಥಳ ಬಿದ್ದುಹೋಗುತ್ತದೆ. ಎಚ್‌ಡಿ ಆಯ್ಕೆ ಮಾಡಿದರೂ ಹಾಗೆಯೇ. ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಏನೂ ಬೀಳುವುದಿಲ್ಲ, ಫೈಲ್ ಇದ್ದ ಹಾಗೇ ಹೋಗುತ್ತದೆ. ನಮ್ಮಲ್ಲಿ ಎಡವುವುದು ಇಲ್ಲಿ. ಫ್ಲೆಕ್ಸ್ ಅಂಗಡಿಯವರು, ಆಮಂತ್ರಣ ಪತ್ರಿಕೆ ಮುದ್ರಿಸುವವರು, ಸುದ್ದಿ ಮಾಡುವವರು ಎಲ್ಲರೂ ಕೇಳುವುದು ಒಂದೇ: ‘ಡಾಕ್ಯುಮೆಂಟ್ ಆಗಿ ಹಾಕಿ, ಇಲ್ಲದಿದ್ದರೆ ಕ್ಲಾರಿಟಿ ಹೋಗ್ತದೆ.’ ಅವರು ಹೇಳುವುದು ಸರಿಯೇ. ಕ್ಲಾರಿಟಿಯ ಜೊತೆಗೆ ಮನೆಯ ಗುರುತೂ ಹೋಗುತ್ತದೆ ಎಂಬುದು ಮಾತ್ರ ಕೇಳಿದವರಿಗೂ ಕೊಟ್ಟವರಿಗೂ ನೆನಪಿರುವುದಿಲ್ಲ. ಟೆಲಿಗ್ರಾಂನಲ್ಲಿ ‘ಫೈಲ್’ ಎಂದು ಕಳಿಸಿದರೂ ಇದೇ ಕತೆ. ಇಮೇಲ್, ಗೂಗಲ್ ಡ್ರೈವ್, ಬ್ಲೂಟೂತ್, ಕ್ವಿಕ್ ಶೇರ್, ಪೆನ್‌ಡ್ರೈವ್ ಯಾವುದೂ ಸಾಮಾನ್ಯವಾಗಿ ಏನನ್ನೂ ಅಳಿಸುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಆಲ್ಬಂ ಹಂಚುವವರು ಅದರ ಆಯ್ಕೆಗಳಲ್ಲಿ ಫೋಟೋದ ಸ್ಥಳ ಹಂಚುವ ಗುಂಡಿ ಆನ್ ಇದೆಯೇ ನೋಡಬೇಕು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ತಮ್ಮ ಪುಟದಲ್ಲಿ ತೋರಿಸುವ ಚಿತ್ರದಿಂದ ಸ್ಥಳ ತೆಗೆಯುತ್ತವೆ. ನೋಡುವವರಿಗೆ ಅದು ಸಿಗುವುದಿಲ್ಲ, ಆದರೆ ಫೈಲಿನಲ್ಲಿದ್ದ ಮಾಹಿತಿ ಕಂಪನಿಯ ಕೈಗೆ ಹೋಗಿರಬಹುದು. ಸಿಗ್ನಲ್ ಆ್ಯಪ್ ಫೋಟೋ ಕಳಿಸುವಾಗಲೇ ತೊಳೆದು ಕಳಿಸುತ್ತದೆ.

ಫೋನಿನಲ್ಲೇ ಮುಗಿಯುವ ಕೆಲಸ

ಮೊದಲು, ಇನ್ನು ಮುಂದೆ ತೆಗೆಯುವ ಫೋಟೋಗಳ ವಿಚಾರ. ಆ್ಯಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ತೆರೆದು ಸೆಟ್ಟಿಂಗ್ಸ್‌ಗೆ ಹೋಗಿ. ‘ಲೊಕೇಶನ್ ಟ್ಯಾಗ್ಸ್’, ‘ಸೇವ್ ಲೊಕೇಶನ್’, ‘ಜಿಯೋಟ್ಯಾಗ್’ ಹೀಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟ ಗುಂಡಿ ಅಲ್ಲಿರುತ್ತದೆ. ಆಫ್ ಮಾಡಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಲೊಕೇಶನ್ ಸರ್ವಿಸಸ್, ಕ್ಯಾಮೆರಾ ಎಂದು ಹೋಗಿ ‘ನೆವರ್’ ಆರಿಸಿ. ಹಳೆಯ ಪ್ರವಾಸದ ಫೋಟೋ ಎಲ್ಲಿಯದೆಂದು ನೆನಪಿಸಿಕೊಳ್ಳಲು ಸ್ಥಳ ಬೇಕು ಅನ್ನುವವರು ಆನ್ ಇಟ್ಟುಕೊಳ್ಳಲಿ, ಕಳಿಸುವಾಗ ತೆಗೆದರಾಯಿತು.

ಈಗಾಗಲೇ ತೆಗೆದದ್ದಕ್ಕೆ ಮೊದಲು ಒಳಗೇನಿದೆ ಎಂದು ನೋಡಿ. ಗ್ಯಾಲರಿಯಲ್ಲಿ ಫೋಟೋ ತೆರೆದು ಬೆರಳಿನಿಂದ ಮೇಲಕ್ಕೆ ಸರಿಸಿದರೆ ಅಥವಾ ‘ಡೀಟೇಲ್ಸ್’ ಒತ್ತಿದರೆ ದಿನಾಂಕ, ಮಾದರಿ ಕಾಣುತ್ತವೆ. ಸ್ಥಳ ಇದ್ದರೆ ಸಣ್ಣದೊಂದು ನಕ್ಷೆಯೂ ಬರುತ್ತದೆ. ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ ಅಲ್ಲೇ ‘ಎಡಿಟ್’ ಒತ್ತಿ, ಸ್ಥಳದ ಪಕ್ಕದ ಮೈನಸ್ ಗುರುತು ಮುಟ್ಟಿದರೆ ಸ್ಥಳ ಹೋಗುತ್ತದೆ. ರೆಡ್‌ಮಿ, ಪೋಕೊ ಫೋನುಗಳ ಹಲವು ಮಾದರಿಗಳಲ್ಲಿ ಶೇರ್ ಮಾಡುವ ಪುಟದಲ್ಲೇ ಸ್ಥಳ ಮತ್ತು ಇತರ ಮಾಹಿತಿ ತೆಗೆಯುವ ಆಯ್ಕೆ ಇದೆ. ಐಫೋನಿನಲ್ಲಿ ಫೋಟೋ ಆರಿಸಿ ಶೇರ್ ಒತ್ತಿದಾಗ ಮೇಲ್ತುದಿಯಲ್ಲಿ ‘ಆಪ್ಶನ್ಸ್’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಅದರೊಳಗೆ ‘ಲೊಕೇಶನ್’ ಆಫ್ ಮಾಡಿ. ಕೆಳಗಿನ ‘ಆಲ್ ಫೋಟೋಸ್ ಡೇಟಾ’ ಆನ್ ಇದ್ದರೆ ನೀವು ತಿದ್ದುವ ಮೊದಲು ಫೋಟೋ ಹೇಗಿತ್ತು ಎಂಬುದೂ ಜೊತೆಗೆ ಹೋಗುತ್ತದೆ, ಆದ್ದರಿಂದ ಅದನ್ನೂ ಆಫ್ ಇಡಿ. ಬೇಡವೆಂದು ಕತ್ತರಿಸಿದ ಮುಖ ಮತ್ತೆ ಬೇರೆಯವರ ಫೋನಿನಲ್ಲಿ ತಲೆ ಎತ್ತಬಾರದಲ್ಲ.

ಆ್ಯಂಡ್ರಾಯ್ಡ್‌ಗೆ ನಾನು ಹೇಳುವ ಆ್ಯಪ್ ‘ಸ್ಕ್ರ್ಯಾಂಬಲ್ಡ್ ಎಕ್ಸಿಫ್’. ಉಚಿತ, ಜಾಹೀರಾತಿಲ್ಲ, ಮೂಲ ಸಂಕೇತ ಮುಕ್ತವಾಗಿದೆ, ಎಫ್‌-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಅಂಗಡಿಯಲ್ಲಿ ಸಿಗುತ್ತದೆ. ಗ್ಯಾಲರಿಯಿಂದ ಫೋಟೋವನ್ನು ಇದಕ್ಕೆ ಶೇರ್ ಮಾಡಿ. ಇದು ತೊಳೆದು ಮತ್ತೊಮ್ಮೆ ‘ಯಾರಿಗೆ ಕಳಿಸಲಿ’ ಎಂದು ಕೇಳುತ್ತದೆ. ಮೂಲ ಫೋಟೋ ನಿಮ್ಮಲ್ಲಿ ಹಾಗೇ ಉಳಿಯುತ್ತದೆ. ಚಿತ್ರದ ಗಾತ್ರವನ್ನೂ ಕುಗ್ಗಿಸಬೇಕೆಂದಿದ್ದರೆ ‘ಇಮೇಜ್‌ಪೈಪ್’ ಇದೆ. ಏನೂ ಬೇಡ ಅನ್ನುವವರಿಗೆ ಸ್ಕ್ರೀನ್‌ಶಾಟ್. ತೋಟದ ಫೋಟೋವನ್ನು ಪರದೆಯ ತುಂಬ ತೆರೆದು ಸ್ಕ್ರೀನ್‌ಶಾಟ್ ಹೊಡೆದರೆ ಆ ಹೊಸ ಫೈಲಿನಲ್ಲಿ ತೋಟದ ಅಂಕೆಗಳಿರುವುದಿಲ್ಲ. ಗುಣಮಟ್ಟ ಇಳಿಯುತ್ತದೆ, ಸ್ಟೇಟಸ್ಸಿಗೆ ಧಾರಾಳ ಸಾಕು.

ಫೋಟೋ ಹಾಕಿದರೆ ತೊಳೆದು ಕೊಡುತ್ತೇವೆ ಎನ್ನುವ ಜಾಲತಾಣಗಳು ಬೇಕಾದಷ್ಟಿವೆ. ಗುಟ್ಟು ಹೊರಬೀಳಬಾರದೆಂದು ಗುಟ್ಟಿರುವ ಫೋಟೋವನ್ನೇ ಗುರುತಿಲ್ಲದವರಿಗೆ ಒಪ್ಪಿಸುವುದರಲ್ಲಿ ಅರ್ಥವಿಲ್ಲ. ಅವುಗಳ ಸಹವಾಸ ಬೇಡ.

ಕಂಪ್ಯೂಟರಿನಲ್ಲಿ

ಹತ್ತಿಪ್ಪತ್ತು ಫೋಟೋ ಆದರೆ ಫೋನು ಸಾಕು. ಸಾವಿರ ಫೋಟೋಗಳ ಫೋಲ್ಡರ್ ಇರುವ ಸ್ಟುಡಿಯೋದವರು, ಶಾಲೆಯವರು, ಸಂಘದವರು ಕಂಪ್ಯೂಟರಿನ ಮುಂದೆ ಕೂರಬೇಕು. ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್; ಅದರ ಕೆಳಗೆ ‘ರಿಮೂವ್ ಪ್ರಾಪರ್ಟೀಸ್ ಆ್ಯಂಡ್ ಪರ್ಸನಲ್ ಇನ್ಫರ್ಮೇಶನ್’ ಎಂದಿರುತ್ತದೆ. ತುರ್ತಿಗೆ ಆದೀತು, ಎಲ್ಲವನ್ನೂ ತೆಗೆಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಮ್ಯಾಕ್‌ನ ಪ್ರಿವ್ಯೂನಲ್ಲಿ ಟೂಲ್ಸ್, ಶೋ ಇನ್‌ಸ್ಪೆಕ್ಟರ್, ಜಿಪಿಎಸ್ ಎಂದು ಹೋದರೆ ಸ್ಥಳವನ್ನಷ್ಟೇ ತೆಗೆಯಬಹುದು.

ಈ ಕೆಲಸದ ದೊಡ್ಡಣ್ಣ ‘ಎಕ್ಸಿಫ್‌ಟೂಲ್’. ಕೆನಡಾದ ಫಿಲ್ ಹಾರ್ವೆ 2003ರಿಂದ ಬೆಳೆಸುತ್ತ ಬಂದ ಉಚಿತ ತಂತ್ರಾಂಶ. ಗುಂಡಿಗಳಿಲ್ಲ, ಕಪ್ಪು ಪರದೆಯಲ್ಲಿ ಆದೇಶ ಬರೆಯಬೇಕು ಎಂದು ಹೆದರುವವರು ಹೆಚ್ಚು. ಆದೇಶವೇನೂ ಉದ್ದವಿಲ್ಲ: ಇಂಗ್ಲಿಷ್ ಅಕ್ಷರದಲ್ಲಿ ತಂತ್ರಾಂಶದ ಹೆಸರು, ಒಂದು ಜಾಗ, ಮೈನಸ್ ಚಿಹ್ನೆ, ಅದಕ್ಕೆ ತಾಗಿ ‘ಆಲ್’ ಎಂಬ ಪದ, ಅದಕ್ಕೆ ತಾಗಿ ಸಮ ಚಿಹ್ನೆ, ಮತ್ತೊಂದು ಜಾಗ, ಫೋಟೋದ ಹೆಸರು. ಫೋಟೋದ ಬದಲು ಫೋಲ್ಡರಿನ ಹೆಸರು ಕೊಟ್ಟರೆ ಅದರೊಳಗಿನ ಎಲ್ಲ ಫೋಟೋಗಳಿಗೂ ಅನ್ವಯ. ‘ಆಲ್’ ಬದಲು ‘ಜಿಪಿಎಸ್’ ಎಂದು ಬರೆದು ನಕ್ಷತ್ರ ಚಿಹ್ನೆ ಹಾಕಿ ಸಮ ಚಿಹ್ನೆ ಇಟ್ಟರೆ, ಆ ಇಡೀ ತುಂಡನ್ನು ಉದ್ಧರಣ ಚಿಹ್ನೆಯೊಳಗೆ ಸೇರಿಸಿದರೆ, ಸ್ಥಳ ಮಾತ್ರ ಹೋಗಿ ಉಳಿದದ್ದು ಉಳಿಯುತ್ತದೆ. ಮೂಲ ಫೈಲನ್ನು ‘ಒರಿಜಿನಲ್’ ಎಂಬ ಬಾಲ ಸೇರಿಸಿ ಪಕ್ಕದಲ್ಲೇ ಇಟ್ಟಿರುತ್ತದೆ. ಆಮೇಲೆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ತೊಳೆದದ್ದೂ ತೊಳೆಯದ್ದೂ ಒಟ್ಟಿಗೇ ಹೋಗುತ್ತವೆ, ಎಚ್ಚರ. ಎಲ್ಲವನ್ನೂ ಅಳಿಸಿದಾಗ ನಿಲ್ಲಿಸಿ ತೆಗೆದ ಫೋಟೋ ಮಲಗಿಕೊಂಡಂತೆ ಕಂಡರೆ ಗಾಬರಿ ಬೇಡ. ಫೋಟೋ ಯಾವ ಕಡೆಗೆ ತಿರುಗಬೇಕು ಎಂಬ ಸೂಚನೆಯೂ ಎಕ್ಸಿಫ್‌ನಲ್ಲೇ ಇತ್ತು, ಅದೂ ಹೋಯಿತು ಅಷ್ಟೆ. ತಿರುಗಿಸಿ ಸೇವ್ ಮಾಡಿದರೆ ಸರಿ.

ಕಪ್ಪು ಪರದೆ ಬೇಡವೇ ಬೇಡ ಎಂದರೆ ‘ಎಕ್ಸಿಫ್‌ಕ್ಲೀನರ್’ ಇದೆ. ಕಿಟಕಿಯೊಳಗೆ ಫೋಟೋ ಎಳೆದು ಬಿಟ್ಟರೆ ಮುಗಿಯಿತು, ಒಳಗೆ ದುಡಿಯುವುದು ಎಕ್ಸಿಫ್‌ಟೂಲೇ. ಇದು ಮೂಲ ಫೈಲಿನ ಮೇಲೆಯೇ ಬರೆಯುವುದರಿಂದ ಪ್ರತಿ ಮಾಡಿಕೊಂಡು ಎಳೆಯಿರಿ. ಲಿನಕ್ಸ್ ಬಳಸುವವರಿಗೆ ‘ಮ್ಯಾಟ್2’ ಒಳ್ಳೆಯದು. ಫೋಟೋ, ವಿಡಿಯೋ ಮಾತ್ರವಲ್ಲದೆ ಪಿಡಿಎಫ್, ವರ್ಡ್ ಕಡತಗಳಲ್ಲಿ ಉಳಿಯುವ ಬರೆದವರ ಹೆಸರನ್ನೂ ತೆಗೆಯುತ್ತದೆ. ಪತ್ರಕರ್ತರು ಬಳಸುವ ಟೇಲ್ಸ್ ಎಂಬ ಆಪರೇಟಿಂಗ್ ವ್ಯವಸ್ಥೆಯಲ್ಲಿ ಇದನ್ನೇ ಸೇರಿಸಿದ್ದಾರೆ.

ವಿಡಿಯೋ, ಡ್ರೋನ್, ಚಲಿಸುವ ಫೋಟೋ

ಫೋಟೋದ ಬಗ್ಗೆ ಎಚ್ಚರ ಇದ್ದವರೂ ವಿಡಿಯೋವನ್ನು ಮರೆಯುತ್ತಾರೆ. ಫೋನಿನ ಎಂಪಿ4 ಫೈಲಿನಲ್ಲೂ ಸ್ಥಳ ಬರೆದಿರುತ್ತದೆ, ಕ್ಯಾಮೆರಾದಲ್ಲಿ ಆಫ್ ಮಾಡುವ ಗುಂಡಿ ಎರಡಕ್ಕೂ ಒಂದೇ. ಗೋಪ್ರೋದಂಥ ಕ್ಯಾಮೆರಾಗಳು ಒಂದು ಬಿಂದುವಿಗೆ ತೃಪ್ತಿಪಡುವುದಿಲ್ಲ. ಜಿಪಿಎಸ್ ಇರುವ ಮಾದರಿಗಳಲ್ಲಿ ಬೈಕ್ ಹೋದ ದಾರಿಯುದ್ದಕ್ಕೂ ಸ್ಥಳದ ಪ್ರತ್ಯೇಕ ಪಟ್ಟಿಯೇ ವಿಡಿಯೋದೊಳಗೆ ಸೇರುತ್ತದೆ. ಮದುವೆ, ಜಾತ್ರೆ, ಕಂಬಳಕ್ಕೆಲ್ಲ ಈಗ ಡ್ರೋನ್ ಹಾರುತ್ತದೆ. ಡಿಜೆಐ ಡ್ರೋನಿನ ಫೋಟೋದಲ್ಲಿ ಅದು ಹಾರಿದ ಜಾಗ, ಎತ್ತರ, ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದೂ ಇರುತ್ತದೆ. ಸಬ್‌ಟೈಟಲ್ ಆನ್ ಇದ್ದರೆ ವಿಡಿಯೋದ ಹೆಸರಿನಲ್ಲೇ ಇನ್ನೊಂದು ಸಣ್ಣ ಫೈಲ್ ಹುಟ್ಟುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಹಾರಾಟದ ಲೆಕ್ಕವೆಲ್ಲ ಸಾಲುಸಾಲಾಗಿ ಕಾಣುತ್ತದೆ.

ವಿಡಿಯೋ ತೊಳೆಯಲು ‘ಎಫ್‌ಎಫ್‌ಎಂಪೆಗ್’ ಎಂಬ ಉಚಿತ ತಂತ್ರಾಂಶ ಸಾಕು. ‘ಮ್ಯಾಪ್ ಮೆಟಾಡೇಟಾ’ ಎಂಬ ಆಯ್ಕೆಗೆ ಮೈನಸ್ ಒಂದು ಎಂದು ಕೊಟ್ಟು, ಚಿತ್ರ ಮತ್ತು ಧ್ವನಿಯನ್ನು ಇದ್ದಂತೆಯೇ ನಕಲಿಸು ಎಂದರೆ ಗುಣಮಟ್ಟ ಒಂದಿಷ್ಟೂ ಇಳಿಯದ ಹೊಸ ಫೈಲ್ ಬರುತ್ತದೆ. ಎಡಿಟಿಂಗ್ ಆ್ಯಪ್‌ನಲ್ಲಿ ಕತ್ತರಿಸಿ ಎಕ್ಸ್‌ಪೋರ್ಟ್ ಮಾಡಿದಾಗಲೂ ಸಾಮಾನ್ಯವಾಗಿ ಸ್ಥಳ ಹೋಗಿರುತ್ತದೆ. ಹೋಗಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಚಲಿಸುವ ಫೋಟೋ ಇನ್ನೊಂದು ಬಲೆ. ಸ್ಯಾಮ್‌ಸಂಗ್, ಪಿಕ್ಸೆಲ್ ಫೋನುಗಳ ‘ಮೋಶನ್ ಫೋಟೋ’ ಆನ್ ಇದ್ದರೆ ಒಂದು ಫೋಟೋದ ಬಾಲಕ್ಕೆ ಕೆಲವು ಸೆಕೆಂಡಿನ ವಿಡಿಯೋ ಅಂಟಿರುತ್ತದೆ, ಧ್ವನಿಯೂ ಇರಬಹುದು. ಕ್ಲಿಕ್ ಮಾಡುವ ಮುಂಚೆ ಪಕ್ಕದಲ್ಲಿ ಯಾರೋ ಆಡಿದ ಮಾತು ಫೋಟೋದೊಳಗೆ ಹೋಗಿ ಕೂರುವುದೆಂದರೆ ಸಣ್ಣ ವಿಷಯವೇ? ಐಫೋನಿನ ‘ಲೈವ್ ಫೋಟೋ’ ಕೂಡ ಇದೇ ಜಾತಿ. ಬೇಡದವರು ಕ್ಯಾಮೆರಾ ಪರದೆಯ ಮೇಲೇ ಆಫ್ ಮಾಡಿಬಿಡಿ.

ಕತ್ತರಿಸಿದ್ದೆಲ್ಲ ಹೋಯಿತೆಂದೂ ಭಾವಿಸಬಾರದು. 2023ರಲ್ಲಿ ಇಬ್ಬರು ಸಂಶೋಧಕರು ಗೂಗಲ್ ಪಿಕ್ಸೆಲ್ ಫೋನಿನ ದೋಷವೊಂದನ್ನು ಬಯಲು ಮಾಡಿದರು. ಅದರಲ್ಲೇ ಬಂದ ಸಾಧನದಿಂದ ಸ್ಕ್ರೀನ್‌ಶಾಟ್ ಕತ್ತರಿಸಿದರೆ, ಕತ್ತರಿಸಿ ಹೋದ ಭಾಗ ಫೈಲಿನ ಕೊನೆಯಲ್ಲಿ ಉಳಿದುಕೊಳ್ಳುತ್ತಿತ್ತು, ಮತ್ತೆ ಹೊರತೆಗೆಯಲು ಬರುತ್ತಿತ್ತು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅದೇ ರೋಗ ಕಂಡಿತು. ಎರಡನ್ನೂ ಆಮೇಲೆ ಸರಿಪಡಿಸಿದರು. ಅದಕ್ಕೂ ಮುಂಚೆ ಹಂಚಿಹೋದ ಫೈಲುಗಳು ಎಲ್ಲೆಲ್ಲಿವೆಯೋ ಅಲ್ಲೇ ಇವೆ. ಫೋನಿಗೆ ಬಂದ ಅಪ್‌ಡೇಟನ್ನು ‘ನಾಳೆ’ ಎಂದು ಮುಂದೂಡುವವರಿಗೆ ಈ ಮಾತು.

ಯಾವುದನ್ನು ತೊಳೆಯಬೇಕು, ಯಾವುದನ್ನು ಬಿಡಬೇಕು

ತೊಳೆಯಬೇಕಾದವುಗಳ ಪಟ್ಟಿ ನಮ್ಮ ಊರಿನ ಮಟ್ಟಿಗೆ ಸ್ಪಷ್ಟ. ಮಕ್ಕಳ ಫೋಟೋ. ಮಾರಾಟಕ್ಕಿಟ್ಟ ಬೈಕು, ಹಸು, ಪಂಪಿನ ಫೋಟೋ. ಮನೆಯಲ್ಲೇ ಹಲಸಿನ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಹೆಣ್ಣುಮಕ್ಕಳು ಗ್ರಾಹಕರಿಗೆ ಕಳಿಸುವ ಫೋಟೋ. ವಿಳಾಸ ಯಾರಿಗೆ ಕೊಡಬೇಕೆಂದು ತೀರ್ಮಾನಿಸಬೇಕಾದವರು ಅವರು. ಒಣಗಲು ಹಾಕಿದ ಅಡಿಕೆ, ಕಾಳುಮೆಣಸು. ಗುಡ್ಡದಲ್ಲಿ ತಾನಾಗಿ ಬೆಳೆದ ಗಂಧದ ಮರ.

ಕಾಡಿನದೂ ಹಾಗೆಯೇ. ಸುಬ್ರಹ್ಮಣ್ಯದಿಂದ ಮೇಲೆ ಹತ್ತಿದರೆ ಪುಷ್ಪಗಿರಿ ಅಭಯಾರಣ್ಯ. ಕಾಳಿಂಗನ ಗೂಡು, ಕಾಡುಪಾಪ, ಅಪರೂಪದ ಸೀತಾಳೆ ಹೂವು ಕಂಡ ಸಂಭ್ರಮದಲ್ಲಿ ಅಂಕೆಗಳ ಸಮೇತ ಫೋಟೋ ಹಂಚಿದರೆ ಬೇಟೆಗಾರನಿಗೂ ಗಿಡ ಕೀಳುವವನಿಗೂ ಶ್ರಮ ತಪ್ಪಿಸಿದಂತೆ. ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಜೀವಿಗಳ ಸ್ಥಳವನ್ನು ತಾನಾಗಿಯೇ ಮಸುಕು ಮಾಡುತ್ತದೆ. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಅಗಲದ ಚೌಕದಲ್ಲಿ ಎಲ್ಲೋ ಒಂದು ಕಡೆ ಎಂದಷ್ಟೇ ತೋರಿಸುತ್ತದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಆ ಕೆಲಸ ನಾವೇ ಮಾಡಬೇಕು.

ಆದರೆ ಆನೆ ಬಂದರೆ? ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿಯಲ್ಲಿ ಕಾಡಾನೆ ಇಬ್ಬರನ್ನು ಬಲಿ ತೆಗೆದುಕೊಂಡಿತು. ಹೆಜ್ಜೆ ಗುರುತಿನ, ಮುರಿದ ಬಾಳೆಯ ಫೋಟೋವನ್ನು ಅರಣ್ಯ ಇಲಾಖೆಗೆ ಕಳಿಸುವಾಗ ಸ್ಥಳ, ಸಮಯ ಎರಡೂ ಬೇಕು. ಅಂಥ ಫೋಟೋವನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ, ಜೊತೆಗೆ ಲೊಕೇಶನ್ ಬೇರೆಯಾಗಿ ಹಾಕಿ. ಬೆಳೆ ಸಮೀಕ್ಷೆಯ ಆ್ಯಪ್ ಕೇಳುವುದೂ ಸ್ಥಳವನ್ನೇ. ಸರ್ವೆ ನಂಬರಿನ ಜಾಗದಲ್ಲಿ ನಿಂತು ತೆಗೆದ ಫೋಟೋ ಎಂಬುದಕ್ಕೆ ಅದೇ ಸಾಕ್ಷಿ. ಉದ್ಯೋಗ ಖಾತರಿಯ ಹಾಜರಿ ಫೋಟೋಗೂ ಇದೇ ನಿಯಮ. ಕ್ಯಾಮೆರಾದ ಸ್ಥಳದ ಗುಂಡಿ ಆಫ್ ಇದ್ದರೂ ಈ ಆ್ಯಪ್‌ಗಳು ತಮಗೆ ಕೊಟ್ಟ ಅನುಮತಿಯಿಂದ ಸ್ಥಳ ಪಡೆಯುತ್ತವೆ. ಆದ್ದರಿಂದ ಸಮೀಕ್ಷೆಗೆ ತೊಂದರೆಯಾದೀತೆಂದು ಕ್ಯಾಮೆರಾದಲ್ಲಿ ಅದನ್ನು ಆನ್ ಇಡಬೇಕಾಗಿಲ್ಲ.

ಪತ್ರಿಕೆಗೆ ಕಳಿಸುವ ಫೋಟೋ ನಡುವಿನದು. ರೈತರ ಕೈಗೇ ಲೇಖನಿ ಕೊಟ್ಟ ‘ಅಡಿಕೆ ಪತ್ರಿಕೆ’ 1988ರಿಂದ ಪುತ್ತೂರಿನಿಂದಲೇ ಬರುತ್ತಿದೆ. ಬರೆಯುವವರು, ಫೋಟೋ ತೆಗೆಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಪತ್ರಿಕೆಗೆ ದೊಡ್ಡ ಗಾತ್ರದ ಮೂಲ ಫೋಟೋ ಬೇಕು, ತೆಗೆದವರ ಹೆಸರೂ ಬೇಕು. ಅಲ್ಲಿ ಜಿಪಿಎಸ್ ಒಂದನ್ನು ತೆಗೆದು ಹೆಸರು, ದಿನಾಂಕ ಉಳಿಸಿ. ಬೇರೆಯವರ ಫೋಟೋದಲ್ಲಿರುವ ಅವರ ಹೆಸರು ಅಳಿಸಿ ಹಂಚುವುದು ಬೇರೆ ವಿಷಯ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಬಿ ಕಲಂ ಪ್ರಕಾರ, ಗೊತ್ತಿದ್ದೂ ಅನುಮತಿಯಿಲ್ಲದೆ ಹಕ್ಕಿನ ಮಾಹಿತಿ ಅಳಿಸುವುದು ಎರಡು ವರ್ಷದವರೆಗೆ ಜೈಲು ಶಿಕ್ಷೆಗೆ ಗುರಿಮಾಡಬಹುದಾದ ಅಪರಾಧ.

ತೊಳೆದರೂ ಉಳಿಯುವುದು

ಪಂಚಾಯತ್ ಕೆಲಸಕ್ಕೆ, ಸುದ್ದಿಗೆ ಎಂದು ‘ಜಿಪಿಎಸ್ ಮ್ಯಾಪ್ ಕ್ಯಾಮೆರಾ’ದಂಥ ಆ್ಯಪ್ ಹಾಕಿಕೊಂಡವರು ಬಹಳ. ಅದು ನಕ್ಷೆ, ಅಂಕೆ, ವಿಳಾಸವನ್ನು ಚಿತ್ರದ ಮೇಲೇ ಅಚ್ಚೊತ್ತುತ್ತದೆ. ಯಾವ ಎಕ್ಸಿಫ್ ತಂತ್ರಾಂಶವೂ ಅದನ್ನು ತೆಗೆಯಲಾರದು, ವಾಟ್ಸ್ಆ್ಯಪ್ ಕೂಡ. ಕೆಲಸ ಮುಗಿದ ಮೇಲೆ ಮನೆಯ ಫೋಟೋಗೆ ಮಾಮೂಲು ಕ್ಯಾಮೆರಾಕ್ಕೆ ಮರಳಿ. ಮೆಸ್ಕಾಂ ಮೀಟರಿನ ನಂಬರ್, ಗೇಟಿನ ಮೇಲಿನ ಮನೆ ಹೆಸರು, ಮಗುವಿನ ಸಮವಸ್ತ್ರದ ಲಾಂಛನ, ಬೈಕಿನ ನಂಬರ್ ಪ್ಲೇಟ್ ಇವೂ ಚಿತ್ರದಲ್ಲೇ ಇರುವಂಥವು, ಕಣ್ಣಿಟ್ಟು ನೋಡಿಯೇ ಕಳಿಸಬೇಕು. ಹಲವು ಫೋನುಗಳಲ್ಲಿ ಫೈಲಿನ ಹೆಸರಿನಲ್ಲೇ ದಿನಾಂಕ ಇರುತ್ತದೆ, ಬೇಕಿದ್ದರೆ ಹೆಸರು ಬದಲಿಸಿ. ಪ್ರತಿ ಕ್ಯಾಮೆರಾದ ಸೆನ್ಸರ್ ಚಿತ್ರದಲ್ಲಿ ತನ್ನದೇ ಸೂಕ್ಷ್ಮ ಗುರುತು ಬಿಡುತ್ತದೆ. ವಿಧಿವಿಜ್ಞಾನ ತಜ್ಞರು ಅದರಿಂದ ಫೋನನ್ನು ಗುರುತಿಸಬಲ್ಲರು. ಸಾಮಾನ್ಯ ಓದುಗರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಕೊನೆಗೆ ಪೊಲೀಸ್ ದೂರಿನ ಮಾತು. ಯಾರಾದರೂ ಬೆದರಿಸಿ ಕಳಿಸಿದ ಫೋಟೋ, ಅಪಘಾತದ ವಿಡಿಯೋ, ತೋಟಕ್ಕೆ ನುಗ್ಗಿದವರ ಸಿಸಿಟಿವಿ ತುಣುಕು ನಿಮ್ಮಲ್ಲಿದ್ದರೆ ಅದನ್ನು ತೊಳೆಯಬೇಡಿ, ಕತ್ತರಿಸಬೇಡಿ, ಹೆಸರನ್ನೂ ಬದಲಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಆ ಫೈಲಿನಿಂದಲೇ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಬರೆಯಬೇಕು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಆ ಮೌಲ್ಯ ಬೇರೆಯಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೂ ಬೇರೆಯಾಗುತ್ತದೆ. ಮೂಲ ಫೈಲ್ ಇರುವ ಫೋನನ್ನೇ ಠಾಣೆಗೆ ಒಯ್ಯಿರಿ. ಸೈಬರ್ ವಂಚನೆಯಾದರೆ ಕರೆ ಮಾಡಬೇಕಾದ ಸಂಖ್ಯೆ 1930, ದೇಶದ ಎಲ್ಲ ಕಡೆಯಿಂದಲೂ ಅದೇ.